ಹರಿಣಿ ಆರಿಸಿಕೊಂಡ ಚುಕ್ಕೆ

ಅಮೆರಿಕದ ಏಪೆಕ್ಸ್ ಊರಿನಲ್ಲಿ ನಮ್ಮ ಮನೆಗೂ ಹರಿಣಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಸಾಲು ಮನೆಗಳು, ಈ ಕಡೆ ಮಿಕ್ಸಿ ಹಾಕಿದರೆ ಆ ಕಡೆ ಗೊತ್ತಾಗುತ್ತದೆ. ೨೦೨೦ರ ಬೇಸಿಗೆಯಲ್ಲಿ ಎಲ್ಲರೂ ಮನೆಯೊಳಗೇ ಕೂತಿದ್ದ ತಿಂಗಳುಗಳಲ್ಲಿ ಗೋಡೆಯಾಚೆ ಏನೋ ಬಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ಅವಳ ಗಂಡ ರವಿಕಿರಣನ ದನಿ. ಆಮೇಲೆ ಏನೂ ಇಲ್ಲ. ನಾನು ಟಿವಿ ವಾಲ್ಯೂಮ್ ಜಾಸ್ತಿ ಮಾಡುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹರಿಣಿಯ ಕತೆ ಹೇಳುವಾಗ ನಾನು ಒಳ್ಳೆಯವಳ ಹಾಗೆ ಕಾಣಿಸಿಕೊಳ್ಳಬಾರದು.

ಹರಿಣಿ ಮೈಸೂರಿನ ಸರಸ್ವತಿಪುರಂನವಳು. ಮದುವೆಯಾಗಿ ಇಲ್ಲಿಗೆ ಬಂದು ಹದಿನೆಂಟು ವರ್ಷ. ಪಕ್ಕದ ರಾಲಿ ನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಯ ಮೂಗಿನ ಮೇಲೆ ಫ್ರೇಮ್ ಇಟ್ಟು, ಕಿವಿಯ ಹಿಂದೆ ಬೆರಳಾಡಿಸಿ, "ಇಲ್ಲಿ ಒತ್ತುತ್ತಾ?" ಅಂತ ಕೇಳುವುದು ಅವಳ ದಿನಚರಿ. ಒಂದೇ ಗಾಜಿನ ಮೇಲ್ಭಾಗದಲ್ಲಿ ದೂರ, ಕೆಳಭಾಗದಲ್ಲಿ ಹತ್ತಿರ ಕಾಣುವ ನನ್ನ ಮೊದಲ ಪ್ರೋಗ್ರೆಸಿವ್ ಕನ್ನಡಕ ಕೊಟ್ಟವಳೂ ಅವಳೇ. ರವಿಕಿರಣ್ ದೊಡ್ಡ ಕಂಪನಿಯಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟ್; ಕನ್ನಡ ಸಂಘದ ಪಿಕ್ನಿಕ್‌ನಲ್ಲಿ ಎಲ್ಲರ ಮಕ್ಕಳನ್ನೂ ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಿದ್ದ ಮನುಷ್ಯ. ಅವರಿಗೆ ಒಬ್ಬಳೇ ಮಗಳು, ನಿಧಿ.

ಒಂದು ಸಲ ಹರಿಣಿ ಹಿತ್ತಲಿನ ಡೆಕ್ ಮೇಲೆ ನಿಂತು, "ರಾಜಿ ಅಕ್ಕ, ನಿಮಗೆ ಕೇಳಿಸುತ್ತಾ?" ಅಂದಳು. ಏನು ಅಂತ ನಾನು ಕೇಳಲಿಲ್ಲ. "ಗಂಡಸರಿಗೆ ಕೆಲಸದ ಟೆನ್ಷನ್ ಇರುತ್ತೆ ಕಣೇ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು. ಎರಡು ವರ್ಷ ಮತ್ತೆ ಆ ಮಾತು ಎತ್ತಲಿಲ್ಲ.

೨೦೨೩ರಲ್ಲಿ ಅವಳ ಅಂಗಡಿಯ ಕಣ್ಣಿನ ಡಾಕ್ಟರೇ ಅವಳ ಎಡಗಣ್ಣಿನ ರೆಪ್ಪೆ ಎತ್ತಿ ನೋಡಿ, ಇದು ಬಾಗಿಲು ತಾಗಿ ಆದ ಪೆಟ್ಟಲ್ಲ ಅಂದರಂತೆ. ಅಲ್ಲಿಂದ ಕೋರ್ಟು, ಪ್ರೊಟೆಕ್ಟಿವ್ ಆರ್ಡರ್. ರವಿಕಿರಣ್ ಮನೆ ಬಿಟ್ಟು ಮಾರಿಸ್‌ವಿಲ್‌ನ ಅಪಾರ್ಟ್‌ಮೆಂಟ್‌ಗೆ ಹೋದ. ಹರಿಣಿಯ ಹತ್ತಿರ ಬರಕೂಡದು, ಫೋನ್ ಮಾಡಕೂಡದು. ಎರಡು ವಾರಕ್ಕೊಮ್ಮೆ ಲೈಬ್ರರಿಯಲ್ಲಿ ಇನ್ನೊಬ್ಬರ ಎದುರಿಗೆ ನಿಧಿಯನ್ನು ನೋಡಬಹುದು. ಆದೇಶದ ಕಾಗದವನ್ನು ಹರಿಣಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಳು. ಕಾಗದ ಫ್ರಿಜ್ ಮೇಲೆ ಇತ್ತು, ಅವನು ಬೀದಿಯಲ್ಲಿ ಇರುತ್ತಿದ್ದ. ಸುಮ್ಮನೆ ಕಾರು ನಿಲ್ಲಿಸಿಕೊಂಡು, ಹೆಡ್‌ಲೈಟ್ ಆರಿಸಿ ಕೂತಿರುತ್ತಿದ್ದ. ಪೊಲೀಸರು ಬರುವಷ್ಟರಲ್ಲಿ ಇರುತ್ತಿರಲಿಲ್ಲ. ಒಂದು ದಿನ ಹರಿಣಿ ಅಂಗಡಿಯಿಂದ ಹೊರಬಂದಾಗ ಅವಳ ಕಾರಿನ ವೈಪರ್ ಕೆಳಗೆ ಅವಳದೇ ತಾಳಿ ಸಿಕ್ಕಿಸಿತ್ತು. ಅದನ್ನು ಅವಳು ಎಂದೋ ಬಿಚ್ಚಿ ಮಲಗುವ ಕೋಣೆಯ ಡ್ರಾಯರ್‌ನಲ್ಲಿ ಇಟ್ಟಿದ್ದಳು.

"ಮನೆಯೊಳಗೆ ಬಂದಿದ್ದಾನೆ ಅಂತಾಯ್ತು" ಅಂದೆ.

"ಬೀಗ ಬದಲಾಯಿಸಿದೀನಿ ಅಕ್ಕ. ಹೇಗೆ ಬಂದ?" ಅಂದಳು.

ಅವಳೇ ಎಲ್ಲೋ ಬೀಳಿಸಿಕೊಂಡದ್ದನ್ನು ಯಾರೋ ಎತ್ತಿ ಸಿಕ್ಕಿಸಿರಬೇಕು ಅಂತ ಅವನು ಪೊಲೀಸರಿಗೆ ಹೇಳಿದ. ಯಾರೂ ನೋಡಿರಲಿಲ್ಲ.

೨೦೨೪ರ ಸೆಪ್ಟೆಂಬರ್‌ನಲ್ಲಿ ಹರಿಣಿ ಪಿಸ್ತೂಲು ತಗೊಂಡಳು. ವೀಸಾದಲ್ಲಿ ಇರುವವರಿಗೆ ಅದು ಸುಲಭಕ್ಕೆ ಸಿಗದು. ಅವಳಿಗೆ ೨೦೧೯ರಲ್ಲೇ ಸಿಟಿಜನ್‌ಶಿಪ್ ಬಂದಿತ್ತು. ನನಗೆ ಗೊತ್ತಾದದ್ದು ತಿಂಗಳ ಮೇಲೆ, ಅವಳೇ ಹೇಳಿದಾಗ. "ಶನಿವಾರ ಬೆಳಗ್ಗೆ ನನ್ನ ಜೊತೆ ಬರ್ತೀರಾ ಅಕ್ಕ? ಅದಕ್ಕೆ ಬೇರೆ ಸೈಟ್ ಹಾಕಿಸಬೇಕು. ಒಬ್ಬಳೇ ಹೋದರೆ ಅವರು ಹೇಳಿದ್ದು ಅರ್ಧ ತಲೆಗೇ ಹೋಗಲ್ಲ."

ಸೈಟ್ ಅಂದರೆ ನನಗೆ ಮನೆ ಕಟ್ಟುವ ಸೈಟ್ ಮಾತ್ರ ಗೊತ್ತು. ಆದರೂ ಹೋದೆ. ಡೆಕ್ ಮೇಲೆ ನಾನು ಆಡಿದ ಮಾತು ನನ್ನನ್ನು ಬಿಟ್ಟಿರಲಿಲ್ಲ.

ಗನ್ ಅಂಗಡಿ ಹೈವೇ ೬೪ರ ಪಕ್ಕ, ಟೈರ್ ಅಂಗಡಿಗೆ ಅಂಟಿಕೊಂಡಿತ್ತು. ಒಳಗೆ ಡೋರೀನ್ ಅನ್ನುವ ಕಪ್ಪು ಹೆಂಗಸು, ಅರವತ್ತರ ಹತ್ತಿರ ವಯಸ್ಸು, ಷೆರಿಫ್ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಹರಿಣಿಗೆ ಗುರಿ ಇಡುವುದನ್ನು ಕಲಿಸುತ್ತಿದ್ದವಳು ಅವಳೇ. "ಮಿಸ್ ಹರೀನಿ" ಅಂತ ಕರೆಯುತ್ತಿದ್ದಳು.

ಡೋರೀನ್ ಪಿಸ್ತೂಲು ಖಾಲಿಯಿದೆ ಅಂತ ಎರಡು ಸಲ ನೋಡಿ, ನನಗೂ ತೋರಿಸಿ, ಕೌಂಟರ್ ಮೇಲಿನ ರಬ್ಬರ್ ಚಾಪೆಯ ಮೇಲೆ ಇಟ್ಟಳು. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಗುಬುಟು, ಹಿಂದೆ ಒಂದು ಕಚ್ಚು. ಹಿಂದಿನ ಕಚ್ಚಿನ ನಡುವೆ ಮುಂದಿನ ಗುಬುಟು ಕೂತರೆ ಗುರಿ. ಇವೇ ಸೈಟ್. ಕಾರ್ಖಾನೆಯಿಂದ ಬಂದವು ಪ್ಲಾಸ್ಟಿಕ್, ಬಿಳಿ ಬಣ್ಣದ ಗುರುತು. ಬೆಳಕಿದ್ದರೆ ಕಾಣುತ್ತವೆ.

"ಕತ್ತಲಲ್ಲಿ ನನಗೆ ಏನೂ ಕಾಣಲ್ಲ" ಅಂದಳು ಹರಿಣಿ. "ನನಗೆ ನಲವತ್ತಾರು. ದೂರದ ಕನ್ನಡಕ ಹಾಕಿದರೆ ಕೈತುದಿಯ ಸೈಟ್ ಮಸುಕು. ಓದುವ ಕನ್ನಡಕ ಹಾಕಿದರೆ ಎದುರಿಗಿರೋನು ಮಸುಕು. ಪ್ರೋಗ್ರೆಸಿವ್‌ನಲ್ಲಿ ಸೈಟ್ ನೋಡಲು ಗದ್ದ ಮೇಲೆತ್ತಬೇಕು. ಅಷ್ಟು ಹೊತ್ತು ಅವನು ಕೊಡಲ್ಲ."

ಡೋರೀನ್ ಒಂದು ಟ್ರೇ ತೆಗೆದಳು. ಹಸಿರು, ಕಿತ್ತಳೆ ಬಣ್ಣದ ಪುಟ್ಟ ಲೋಹದ ತುಂಡುಗಳು, ಕಿವಿಯೋಲೆಗಳ ಹಾಗೆ ಸಾಲಾಗಿ. ಕೆಲವುಗಳಲ್ಲಿ ಬೆಳಕನ್ನು ಹೀರಿ ಹೊಳೆಯುವ ಎಳೆ. ಹಗಲಿಗೆ ಚೆನ್ನ, ಕತ್ತಲಿಗೆ ಕುರುಡು. ಇನ್ನು ಕೆಲವುಗಳ ಒಳಗೆ ಟ್ರಿಟಿಯಂ ಎಂಬ ಅನಿಲ ತುಂಬಿದ ಕೂದಲೆಳೆಯಷ್ಟು ಸಣ್ಣ ಗಾಜಿನ ನಳಿಕೆ; ಬ್ಯಾಟರಿ ಬೇಡ, ಬೆಳಕು ತೋರಿಸುವುದೂ ಬೇಡ, ಸದಾ ತಾನಾಗಿ ಹೊಳೆಯುತ್ತಿರುತ್ತದೆ. ಹನ್ನೆರಡು ವರ್ಷಕ್ಕೆ ಅರ್ಧದಷ್ಟು ಮಂಕಾಗುತ್ತದೆ.

"ಹನ್ನೆರಡು ವರ್ಷ" ಅಂತ ಹರಿಣಿ ಕನ್ನಡದಲ್ಲೇ ಅಂದಳು. "ಅಷ್ಟು ಹೊತ್ತಿಗೆ ನಿಧಿಗೆ ಇಪ್ಪತ್ತೈದು."

ಗಾಜಿನ ಕಿಟಕಿಯಲ್ಲಿ ಕೆಂಪು ಚುಕ್ಕೆ ತೋರಿಸುವ ಬ್ಯಾಟರಿಯ ಸೈಟ್ ಕೂಡ ಇತ್ತು. ವಯಸ್ಸಾದ ಕಣ್ಣಿಗೆ ಅದು ವಾಸಿ ಅಂತ ಡೋರೀನ್ ಅಂದಳು. ಹರಿಣಿ ಕಣ್ಣಿಗಿಟ್ಟು ನೋಡಿ ತಕ್ಷಣ ಕೆಳಗಿಟ್ಟಳು. "ನನಗೆ ಅಸ್ಟಿಗ್ಮ್ಯಾಟಿಸಂ ಇದೆ. ಚುಕ್ಕೆ ಚುಕ್ಕೆಯಾಗಿ ಕಾಣಲ್ಲ, ಬಾಲ ಬಿಟ್ಟ ಹಾಗೆ ಕಾಣುತ್ತೆ." ಅಂಗಡಿಯಲ್ಲಿ ಗಿರಾಕಿಗೆ ವಿವರಿಸುವಾಗಿನ ಅದೇ ದನಿ. ನನಗೆ ಅಳು ಬಂತು.

ಆಮೇಲೆ ಡೋರೀನ್ ನಮ್ಮನ್ನು ಹಿಂದಿನ ಕಿಟಕಿಯಿಲ್ಲದ ಕೋಣೆಗೆ ಕರೆದುಕೊಂಡು ಹೋಗಿ ದೀಪ ಆರಿಸಿದಳು. ಸೈಟ್ ಕೂರಿಸಿದ ಪ್ಲಾಸ್ಟಿಕ್ ಮಾದರಿಗಳನ್ನು ಒಂದೊಂದಾಗಿ ಹರಿಣಿಯ ಕೈಗೆ ಕೊಟ್ಟಳು. ಮೊದಲನೆಯದರಲ್ಲಿ ಮೂರು ಹಸಿರು ಚುಕ್ಕೆ: ಮುಂದೆ ಒಂದು, ಹಿಂದೆ ಎರಡು.

"ಮೂರೂ ಒಂದೇ ಥರ ಇವೆ" ಅಂದಳು ಹರಿಣಿ ಕತ್ತಲಲ್ಲಿ. "ಕೈ ನಡುಗಿದರೆ ಯಾವುದು ಮುಂದಿನದು ಅಂತ ಗೊತ್ತಾಗಲ್ಲ."

ಕೊನೆಗೆ ಆರಿಸಿಕೊಂಡದ್ದು ಮುಂದೆ ಮಾತ್ರ ಹೊಳೆಯುವ ಜೋಡಿ. ಹಸಿರು ಚುಕ್ಕೆಯ ಸುತ್ತ ದಪ್ಪ ಕಿತ್ತಳೆ ಉಂಗುರ, ಹಿಂದಿನ ಕಚ್ಚು ಪೂರ್ತಿ ಕಪ್ಪು, ಅಗಲ. ಮಸುಕಾದ ಕಣ್ಣಿಗೂ ಒಂದು ಚುಕ್ಕೆ ಸಿಗುತ್ತದೆ, ಒಂದೇ.

"ಎಷ್ಟು ದೂರಕ್ಕೆ ಬೇಕು?" ಡೋರೀನ್ ಕೇಳಿದಳು.

"ಹನ್ನೊಂದು ಅಡಿ. ಮೇಲಿನ ಮಹಡಿಯ ಹಾಲ್‌ವೇ. ಟೇಪ್ ಹಿಡಿದು ಅಳತೆ ಮಾಡಿದೀನಿ. ನನ್ನ ಬಾಗಿಲಲ್ಲಿ ನಾನು ನಿಂತರೆ ಅವನು ಮೆಟ್ಟಿಲು ಹತ್ತಿ ಎದುರಿಗೆ ಬರ್ತಾನೆ. ಐದಡಿ ಹತ್ತಿಂಚು. ಸಾಮಾನ್ಯವಾಗಿ ತಿಳಿ ಬಣ್ಣದ ಷರ್ಟು. ಸ್ವಿಚ್ ಎಲ್ಲಿದೆ ಅಂತ ಅವನಿಗೆ ಗೊತ್ತು."

ಇಷ್ಟು ವರ್ಷ ಜೊತೆಗಿದ್ದ ಗಂಡನ ಎತ್ತರ ಹೇಳುತ್ತಿದ್ದಾಳೆ. ಡೋರೀನ್ "ಅವನ ಹಿಂದೆ ಏನಿದೆ?" ಅಂದಳು.

ಹರಿಣಿ ಕತ್ತಲಲ್ಲೇ ಮಾದರಿಯನ್ನು ಮತ್ತೆ ಎತ್ತಿ ಹಿಡಿದಳು.

"ಗುಂಡು ಅವನಲ್ಲೇ ನಿಲ್ಲುತ್ತೆ ಅಂತ ಖಾತ್ರಿಯಿಲ್ಲ. ತಪ್ಪಿದರಂತೂ ನಿಮ್ಮ ಮನೆಯ ಜಿಪ್ಸಂ ಗೋಡೆ ಅದಕ್ಕೆ ಕಾಗದ. ಅವನ ಹಿಂದೆ ಏನಿದೆ, ಮಿಸ್ ಹರೀನಿ?"

"ನಿಧಿಯ ಬಾಗಿಲು."

"ನೀವು ಪಕ್ಕಕ್ಕೆ ಸರಿದು ನಿಂತರೆ?"

"ಗೋಡೆ. ಗೋಡೆಯಾಚೆ ರಾಜಿ ಅಕ್ಕನ ಬೆಡ್‌ರೂಮ್."

ನಾನು ಅಲ್ಲೇ ನಿಂತಿದ್ದೆ. ಡೋರೀನ್ ದೀಪ ಹಾಕಿದಳು. ಹರಿಣಿ ಆ ಮಾದರಿಯನ್ನು ಎರಡು ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದಳು. "ಹಾಗಾದರೆ ನಾನೆಲ್ಲಿ ನಿಲ್ಲಲಿ?" ಅಂತ ಕನ್ನಡದಲ್ಲಿ ಕೇಳಿದಳು. ಯಾರನ್ನು ಕೇಳಿದಳೋ ಗೊತ್ತಿಲ್ಲ.

ಸೈಟ್ ಕೂರಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಜೊತೆಗೆ ಡೋರೀನ್ ಒಂದು ಟಾರ್ಚ್ ಕೊಟ್ಟಳು. "ಚುಕ್ಕೆ ನಿಮ್ಮ ಗನ್ ಎತ್ತ ತಿರುಗಿದೆ ಅಂತ ಹೇಳುತ್ತೆ. ಎದುರಿಗಿರೋದು ಯಾರು ಅಂತ ಅದಕ್ಕೆ ಗೊತ್ತಿಲ್ಲ." ಆಮೇಲೆ ಒಂದು ಕಾಗದದ ಮೇಲೆ ಮನೆಯ ನಕ್ಷೆ ಬರೆಸಿ, ನಿಧಿಯನ್ನು ಹಿಂದಿನ ಕೋಣೆಯಲ್ಲಿ, ಹರಿಣಿಯ ಜೊತೆಗೇ ಮಲಗಿಸಬೇಕು ಅಂದಳು. ಆ ಕೋಣೆಯ ಟೊಳ್ಳು ಬಾಗಿಲು ತೆಗೆದು ಗಟ್ಟಿ ಮರದ್ದು ಹಾಕಿಸಬೇಕು. ಅವನು ಬಂದರೆ ಹಾಲ್‌ವೇಗೆ ಹೋಗಲೇಬಾರದು. ಒಳಗಿಂದ ಬಾಗಿಲು ಹಾಕಿ, ಮಂಚದ ಹಿಂದೆ ಕೂತು, ಪೊಲೀಸರಿಗೆ ಫೋನ್ ಮಾಡಬೇಕು.

ಅದೇ ವಾರ ನನ್ನ ಗಂಡ ಹರಿಪ್ರಸಾದ್ ಹೋಗಿ ಬಾಗಿಲು ಕೂರಿಸಿಕೊಟ್ಟರು. ಹದಿಮೂರು ವರ್ಷದ ನಿಧಿ ತನ್ನ ಪೋಸ್ಟರ್‌ಗಳನ್ನು ಸುತ್ತಿಕೊಂಡು ಅಮ್ಮನ ಕೋಣೆಗೆ ಬಂದಳು. ಯಾಕೆ ಅಂತ ಕೇಳಲಿಲ್ಲ. ಎಲ್ಲ ಗೊತ್ತಿದ್ದ ಹುಡುಗಿ.

ನವೆಂಬರ್ ಮೊದಲ ವಾರ, ಇಲ್ಲಿ ಪ್ರತಿ ಚಳಿಗಾಲಕ್ಕೂ ಮಾಡುವ ಹಾಗೆ, ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆವು. ಐದೂಕಾಲಿಗೇ ಕತ್ತಲು. ಅಂಥ ಒಂದು ಬುಧವಾರ, ಆರು ಗಂಟೆಗೆ ಹತ್ತು ನಿಮಿಷ ಇದ್ದಾಗ, ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಪಕ್ಕದ ಗರಾಜ್ ಬಾಗಿಲು ಗಡಗಡ ಎಂದಿತು. ಹರಿಣಿ ಆಗಲೇ ಮನೆಯಲ್ಲಿದ್ದಳು. ಅವಳ ಕುಕ್ಕರ್ ಕೂಗಿದ್ದು ನನಗೆ ಕೇಳಿಸಿತ್ತು. ಕಿಟಕಿಗೆ ಹೋದೆ. ಬೂದು ಬಣ್ಣದ ಕಾರು ಅವಳ ಗರಾಜ್ ಒಳಗೆ ಹೋಗುತ್ತಿತ್ತು.

ಆಗ ಗೊತ್ತಾಯಿತು ತಾಳಿ ಹೇಗೆ ಹೊರಗೆ ಹೋಯಿತು ಅಂತ. ಅವಳು ಎಲ್ಲ ಬೀಗ ಬದಲಾಯಿಸಿದ್ದಳು. ಗರಾಜ್ ರಿಮೋಟ್ ವಾಪಸ್ ಇಸ್ಕೊಂಡಿದ್ದಳು. ಆದರೆ ಅವನ ಕಾರಿನ ಕನ್ನಡಿಯಲ್ಲೇ ಗರಾಜ್ ತೆಗೆಯುವ ಬಟನ್ ಇತ್ತು, ವರ್ಷಗಳ ಹಿಂದೆ ಸೆಟ್ ಮಾಡಿದ್ದು. ಅದನ್ನು ಅಳಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಗರಾಜ್‌ನಿಂದ ಮನೆಯೊಳಗೆ ಬರುವ ಬಾಗಿಲಿಗೆ ಅವಳು ಬೀಗ ಹಾಕತೊಡಗಿದ್ದೇ ತಾಳಿ ಸಿಕ್ಕಿದ ಮೇಲೆ.

ಮರುಕ್ಷಣ ಅವಳ ಮನೆಯ ದೀಪಗಳೆಲ್ಲ ಆರಿದವು. ಕರೆಂಟಿನ ಮೇನ್ ಸ್ವಿಚ್ ಗರಾಜ್‌ನಲ್ಲಿತ್ತು. ನಮ್ಮ ಮನೆ, ಆಚೆ ಮನೆ, ಇಡೀ ಬೀದಿ ಬೆಳಗುತ್ತಿತ್ತು. ನಡುವೆ ಅವಳ ಮನೆ ಮಾತ್ರ ಕಿತ್ತ ಹಲ್ಲಿನ ಜಾಗದ ಹಾಗೆ. ನಾನು ಪೊಲೀಸರ ತುರ್ತು ನಂಬರ್ ೯೧೧ಕ್ಕೆ ಫೋನ್ ಮಾಡಿ ಹೊರಗೆ ಓಡಿದೆ. ಅವಳ ಗರಾಜ್ ಮುಂದಿನ ಡ್ರೈವ್‌ವೇ ತನಕ ಓಡಿದೆ, ಅಷ್ಟೇ.

ಒಳಗೆ ನಡೆದದ್ದು ನನಗೆ ಗೊತ್ತಿರುವುದು ಹರಿಣಿ ಹೇಳಿದ್ದರಿಂದ, ಮತ್ತೆ ಕೋರ್ಟಿನಲ್ಲಿ ಹಾಕಿದ ೯೧೧ ರೆಕಾರ್ಡಿಂಗ್‌ನಿಂದ. ಗರಾಜ್ ಸದ್ದಿಗೇ ಹರಿಣಿ ನಿಧಿಯ ಕೈ ಹಿಡಿದು ಮೇಲೆ ಓಡಿದ್ದಳು. ಬಾಗಿಲು ಹಾಕಿ, ನಿಧಿಯನ್ನು ಹಿಂದಿನ ಮೂಲೆಗೆ ಕೂರಿಸಿ, ತಾನೂ ೯೧೧ಕ್ಕೆ ಕರೆ ಮಾಡಿ ಫೋನ್ ನೆಲದ ಮೇಲಿಟ್ಟು, ಮಂಚದ ಹಿಂದೆ ಮಂಡಿಯೂರಿದಳು. ಗರಾಜ್‌ನಿಂದ ಮನೆಯೊಳಗೆ ಬರುವ ಬಾಗಿಲು ಮುರಿದ ಸದ್ದು. ಆಮೇಲೆ ಮೆಟ್ಟಿಲು. ಆಮೇಲೆ ಅವನ ದನಿ, ತುಂಬ ಮೆತ್ತಗೆ.

"ನಿಧಿ, ಅಪ್ಪ ಕಣೋ. ಬಾಗಿಲು ತೆಗಿ ಚಿನ್ನ."

ಕೋರ್ಟು ಫೋನಿನಲ್ಲಿ ಗೊತ್ತುಮಾಡಿದ್ದ ದುಭಾಷಿ ಇದನ್ನು "ಬಾಗಿಲು ತೆಗೆ, ಬಂಗಾರ ಇದೆ" ಅನ್ನುವ ಅರ್ಥ ಬರುವ ಹಾಗೆ ಹೇಳಿದ. ಜಡ್ಜ್, ಇವನು ಒಡವೆ ಕೇಳಲು ಬಂದಿದ್ದನೇ ಅಂತ ಕೇಳಿದರು. ಎರಡನೇ ಸಾಲಿನಲ್ಲಿ ಕೂತಿದ್ದ ನಾನು ಎದ್ದು ನಿಂತುಬಿಟ್ಟೆ. ಕೂರಿಸಿದರು.

"ರವಿ, ನನ್ನ ಹತ್ರ ಗನ್ ಇದೆ" ಅಂತ ಹರಿಣಿಯ ದನಿ. "ಒಳಗೆ ಬಂದರೆ ಹೊಡೀತೀನಿ."

"ನೀನಾ?" ಅಂತ ಅವನು ನಕ್ಕ. ಆಮೇಲೆ ಒದೆತ. ಒಂದು, ಎರಡು, ಮೂರು. ಬಾಗಿಲು ಗಟ್ಟಿಯಿತ್ತು, ಚೌಕಟ್ಟು ಹಳೆಯದು. ಚೌಕಟ್ಟು ಸೀಳಿ ಬಾಗಿಲು ಒಂದು ಮೊಳ ತೆರೆದುಕೊಂಡಿತು. ನನ್ನ ಮನೆಯ ಹಿಂದಿನ ದೀಪದ ಬೆಳಕು ಕಿಟಕಿಯಿಂದ ಒಳಗೆ ಬಂದು, ಆ ಸಂದಿನಲ್ಲಿ ತಿಳಿ ಬಣ್ಣದ ಷರ್ಟು ಕಾಣಿಸಿತು. ಷರ್ಟಿನ ಮೇಲೆ ಹಸಿರು ಚುಕ್ಕೆ ಸರಿಯಾಗಿ ಕೂತಿತ್ತು, ನಡುಗುತ್ತಿರಲಿಲ್ಲ ಅಂತ ಹರಿಣಿ ನನಗೆ ಹೇಳಿದಳು. ಅವನ ಹಿಂದೆ ಖಾಲಿ ಕೋಣೆ. ಎಲ್ಲ ಡೋರೀನ್ ಬರೆಸಿದ ನಕ್ಷೆಯಂತೆಯೇ ಇತ್ತು. ಅವಳ ಬೆರಳು ಟ್ರಿಗರ್ ಮೇಲೆ ಹೋಯಿತು.

ಆಗ ಷರ್ಟು ಮಾಯವಾಯಿತು. ಚುಕ್ಕೆಯ ಆಚೆ ಒಂದು ಜಡೆ.

ನಿಧಿ ಮೂಲೆಯಿಂದ ಎದ್ದು ಬಂದು ಬಾಗಿಲಿಗೂ ಅಮ್ಮನಿಗೂ ನಡುವೆ ನಿಂತಿದ್ದಳು. ಬಾಗಿಲ ಕಡೆ ಮುಖ, ಅಮ್ಮನ ಕಡೆ ಬೆನ್ನು. ರೆಕಾರ್ಡಿಂಗ್‌ನಲ್ಲಿ ಅವಳ ಮಾತು ಎರಡೇ ಇದೆ. "ಡೋಂಟ್, ಅಮ್ಮ. ಡೋಂಟ್."

ಹರಿಣಿ ಬೆರಳು ತೆಗೆದು ಪಿಸ್ತೂಲನ್ನು ಮಂಚದ ಅಡಿಗೆ ನೂಕಿದಳು. ರವಿಕಿರಣ್ ಒಳಗೆ ಬಂದು ಹರಿಣಿಯನ್ನು ಬಟ್ಟೆಯ ಡ್ರೆಸರ್‌ಗೆ ಎತ್ತಿ ಹಾಕಿದ. ಮಣಿಕಟ್ಟು ಎರಡು ಕಡೆ ಮುರಿಯಿತು. ಪೊಲೀಸರು ಬಂದಾಗ ಅವನು ನಿಧಿಯ ಕೈ ಹಿಡಿದು ಮೆಟ್ಟಿಲಿಳಿಯುತ್ತಿದ್ದ. "ಮಗಳನ್ನು ಊಟಕ್ಕೆ ಕರೆದುಕೊಂಡು ಹೋಗ್ತಿದೀನಿ, ಆಫೀಸರ್" ಅಂದ, ಪಿಕ್ನಿಕ್‌ನಲ್ಲಿ ಮಾತಾಡುವ ದನಿಯಲ್ಲೇ. ಡ್ರೈವ್‌ವೇಯಲ್ಲಿ ನಿಂತಿದ್ದ ನನ್ನನ್ನು ನೋಡಿ, "ಅಕ್ಕ, ನೀವಾದರೂ ಹೇಳಿ ಇವರಿಗೆ" ಅಂದ.

"ಕರೆದುಕೊಂಡು ಹೋಗಿ ಇವನನ್ನ" ಅಂದೆ. ನಾಲ್ಕು ವರ್ಷದಲ್ಲಿ ನಾನು ಆಡಿದ ಒಂದೇ ನೇರ ಮಾತು ಅದು.

ಎರಡೂ ಕಡೆಯ ವಕೀಲರು ಮಾತಾಡಿಕೊಂಡು ಆರೋಪವನ್ನು ಸಣ್ಣದು ಮಾಡಿದರು. ಅವನಿಗೆ ಹತ್ತು ತಿಂಗಳು ಜೈಲಾಯಿತು. ಸಂಘದ ಕೆಲವರು ಹರಿಣಿಯ ಬಗ್ಗೆಯೇ ಮಾತಾಡಿದರು. ಗಂಡನಿಗೆ ಗನ್ ಹಿಡಿದವಳು. ಊಟಕ್ಕೆ ಕರೆಯುವುದು ನಿಂತಿತು. ಕೈಗೆ ಬ್ಯಾಂಡೇಜ್ ಇದ್ದುದರಿಂದ ಅವಳಿಗೆ ಕನ್ನಡಕದ ಸ್ಕ್ರೂ ತಿರುಗಿಸಲು ಆಗುತ್ತಿರಲಿಲ್ಲ. ಅಂಗಡಿಯವರು ಎರಡು ತಿಂಗಳು ಅವಳನ್ನು ಫೋನ್ ಎತ್ತುವ ಕೆಲಸಕ್ಕೆ ಹಾಕಿದರು.

ಎಲ್ಲಕ್ಕಿಂತ ಕಷ್ಟವಾದದ್ದು ನಿಧಿಯ ಮೌನ. ಅವಳು ಅಮ್ಮನ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ ಬೇರೆ ಕೂತು ತಿನ್ನುತ್ತಿದ್ದಳು. "ನಾನು ಗುರಿ ಇಟ್ಟದ್ದನ್ನ ನೋಡಿದಾಳೆ ಅಕ್ಕ" ಅಂತ ಹರಿಣಿ ನನ್ನ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. "ಅಪ್ಪನ ಮೇಲೆ ಇಟ್ಟದ್ದನ್ನೂ ನೋಡಿದಾಳೆ, ತನ್ನ ಬೆನ್ನ ಮೇಲೆ ಇದ್ದದ್ದೂ ಗೊತ್ತು. ಯಾವುದಕ್ಕೆ ಕ್ಷಮಿಸಬೇಕು ಅವಳು ನನ್ನ?" ಈ ಸಲ ಬಾಯಿಗೆ ಬಂದದ್ದನ್ನು ಹೇಳದೆ ಅವಳ ಪಕ್ಕ ಕೂತೆ.

ಮಾರ್ಚ್‌ನಲ್ಲಿ ಪೊಲೀಸರಿಂದ ಪತ್ರ ಬಂತು, ಸಾಕ್ಷಿಗೆಂದು ಇಟ್ಟುಕೊಂಡಿದ್ದ ಪಿಸ್ತೂಲನ್ನು ವಾಪಸ್ ತಗೊಂಡು ಹೋಗಿ ಅಂತ. ಹರಿಣಿ ಅದನ್ನು ತಂದು ನೇರ ಡೋರೀನ್ ಅಂಗಡಿಗೆ ಹೋದಳು. ಜೊತೆಗೆ ನಾನೂ ಇದ್ದೆ. ಕೌಂಟರ್ ಮೇಲೆ ಪೆಟ್ಟಿಗೆ ಇಟ್ಟು, "ನಾನು ಬೇರೆ ಸೈಟ್ ತಗೋಬೇಕಿತ್ತಾ?" ಅಂತ ಕೇಳಿದಳು. ಅಷ್ಟು ಚೆನ್ನಾಗಿ ಕಾಣಿಸದೇ ಇದ್ದಿದ್ದರೆ, ಮಗಳು ನಡುವೆ ಬರುವ ಮೊದಲೇ ಅಂದಾಜಿಗೆ ಹೊಡೆದಿರುತ್ತಿದ್ದೆನೇನೋ ಅಂದಳು. ಅಥವಾ ಗನ್ ಎತ್ತುತ್ತಲೇ ಇರಲಿಲ್ಲವೇನೋ. ಮಾತು ಎಲ್ಲೆಲ್ಲೋ ಹೋಗುತ್ತಿತ್ತು. ಡೋರೀನ್ ಕೌಂಟರ್ ಸುತ್ತಿ ಬಂದು, ಕುರ್ಚಿ ಎಳೆದು ಅವಳನ್ನು ಕೂರಿಸಿದಳು. ಪೆಟ್ಟಿಗೆಯನ್ನು ಒಳಗಿಟ್ಟುಕೊಂಡಳು.

ನಿಧಿ ಬಾಯಿ ಬಿಟ್ಟದ್ದು ಏಪ್ರಿಲ್‌ನಲ್ಲಿ, ನನ್ನ ಹತ್ತಿರ. ಶಾಲೆಯಿಂದ ಬಂದು ನಮ್ಮ ಮನೆಯಲ್ಲಿ ದೋಸೆ ತಿನ್ನುತ್ತಿದ್ದಳು. ನಾನು ಏನೂ ಕೇಳಿರಲಿಲ್ಲ.

"ಆಂಟಿ, ಎಲ್ಲರೂ ನಾನು ಅಪ್ಪನ್ನ ಸೇವ್ ಮಾಡಿದೆ ಅಂತಾರೆ" ಅಂದಳು ಅವಳ ಅಮೆರಿಕದ ಕನ್ನಡದಲ್ಲಿ. "ಐ ಡಿಡ್‌ಂಟ್. ಅಮ್ಮ ಶೂಟ್ ಮಾಡಿದ್ರೆ ಅಮ್ಮ ಜೈಲ್ ಹೋಗ್ತಾಳೆ. ಆಮೇಲೆ ನಾನು ಯಾರ ಜೊತೆ ಇರೋದು?"

"ಇದನ್ನ ಅಮ್ಮನಿಗೆ ಹೇಳಿದ್ಯಾ ಪುಟ್ಟ?"

ಇಲ್ಲ ಅಂತ ತಲೆಯಾಡಿಸಿದಳು. "ಅವಳು ಅಳ್ತಾಳೆ."

ನಾನು ಗೋಡೆ ತಟ್ಟಿದೆ. ಹರಿಣಿ ಬಂದಳು. ನಿಧಿ ತಟ್ಟೆಯಿಂದ ತಲೆ ಎತ್ತದೆ ಅದೇ ಮಾತನ್ನು ಮತ್ತೆ ಹೇಳಿದಳು. ಹರಿಣಿ ಅತ್ತಳು. ನಿಧಿ ಎದ್ದು ಹೋಗಲಿಲ್ಲ.

ಅವನು ಹೊರಗೆ ಬರುವ ಮೊದಲು ಜೂನ್‌ನಲ್ಲಿ ಅವರಿಬ್ಬರೂ ಮನೆ ಖಾಲಿ ಮಾಡಿದರು. ಯಾವ ಊರು ಅಂತ ನಾನು ಬರೆಯುವುದಿಲ್ಲ. ಅಟ್ಲಾಂಟಾ ಕಡೆ ಅಂತಿಟ್ಟುಕೊಳ್ಳಿ. ಅಲ್ಲಿಯೂ ಕನ್ನಡಕದ ಅಂಗಡಿಯಲ್ಲೇ ಕೆಲಸ ಸಿಕ್ಕಿದೆ. ಹೊಸ ಕೋರ್ಟಿನಲ್ಲಿ ಆದೇಶವನ್ನು ದಾಖಲು ಮಾಡಿಸಿದ್ದಾಳೆ, ವರ್ಷ ವರ್ಷ ಅದನ್ನು ಮುಂದುವರಿಸಬೇಕು. ಅವನು ಈಗ ಹೊರಗಿದ್ದಾನೆ. ಅವಳಿಗೆ ಬೇರೆ ಹೆಸರಿನಲ್ಲಿ ಫೋನ್, ಅಂಚೆಗೆ ಬೇರೆ ವಿಳಾಸ. ಭಯ ಹೋಗಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ ಅನ್ನುತ್ತಿರುತ್ತಾಳೆ.

ಹೋದ ಭಾನುವಾರ ಮಧ್ಯಾಹ್ನ ಫೋನ್ ಮಾಡಿದೆ. ನಿಧಿ ಎತ್ತಿಕೊಂಡಳು.

"ಅಮ್ಮ ಮಲಗಿದಾಳೆ ಆಂಟಿ. ಸೋಫಾ ಮೇಲೆ. ಟೂ ಅವರ್ಸ್ ಆಯ್ತು."

"ಎಬ್ಬಿಸಬೇಡ ಪುಟ್ಟ, ನಾಳೆ ಮಾಡ್ತೀನಿ" ಅಂದೆ.

"ಎಬ್ಬಿಸಲ್ಲ" ಅಂತ ಪಿಸುಗುಟ್ಟಿ ಫೋನ್ ಇಟ್ಟಳು.